ಗುಂಯ್ ಅನ್ನುತ್ತೆ, ಕಸ ಎತ್ತಲ್ಲ: ವ್ಯಾಕ್ಯೂಮ್ ಕ್ಲೀನರ್ ಬೆಲ್ಟ್ ಮನೆಯಲ್ಲೇ ಬದಲಿಸುವ ಬಗೆ

"ಏನೋ ಇದು, ಬರೀ ಗುಂಯ್ ಅನ್ನುತ್ತೆ, ಕಸಾನೇ ಎತ್ತಲ್ಲ" ಎಂದು ಅಮ್ಮ ಹಾಲ್‌ನಿಂದ ಕೂಗಿದಾಗ ನಾನು ಮನೆಯಲ್ಲೇ ಕೂತು ಆಫೀಸಿನ ಮೀಟಿಂಗಿನಲ್ಲಿದ್ದೆ. ಅವಳು ಶಿವಮೊಗ್ಗದಿಂದ ಬಂದು ಎರಡು ತಿಂಗಳಾಗಿತ್ತು. ಟೆಕ್ಸಾಸಿನ ನಮ್ಮ ಬಾಡಿಗೆ ಮನೆಯಲ್ಲಿ ಅಡುಗೆಮನೆ, ಬಚ್ಚಲು ಬಿಟ್ಟರೆ ಉಳಿದದ್ದೆಲ್ಲ ಕಾರ್ಪೆಟ್. ಊರಿಂದ ತಂದಿದ್ದ ಹುಲ್ಲಿನ ಪೊರಕೆಯಲ್ಲಿ ಒಂದು ವಾರ ಗುದ್ದಾಡಿ, ಕೊನೆಗೆ ವ್ಯಾಕ್ಯೂಮ್ ಕ್ಲೀನರಿಗೆ ಒಗ್ಗಿಕೊಂಡಿದ್ದಳು. ಈಗ ಅದೂ ಕೈಕೊಟ್ಟಿತ್ತು.

ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ಬಿಚ್ಚಿ ನೋಡುವುದಕ್ಕೇ 40 ಡಾಲರ್ ಎಂದರು. ತುಂಡಾಗಿದ್ದದ್ದು ಕೆಲವೇ ಡಾಲರಿನ ಒಂದು ರಬ್ಬರ್ ಬೆಲ್ಟ್. ನಾನೇ ತಂದು ಹಾಕಿದೆ, ಕಾಲು ಗಂಟೆಯೂ ಹಿಡಿಯಲಿಲ್ಲ. ಒಂಬತ್ತನೇ ದಿನ ಆ ಹೊಸ ಬೆಲ್ಟೂ ತುಂಡಾಯಿತು!

ಬೆಲ್ಟ್ ಬದಲಿಸುವುದು ಸುಲಭ. ಅದು ಯಾಕೆ ತುಂಡಾಯಿತು ಎಂದು ನೋಡದೆ ಬದಲಿಸಿದರೆ ಮಾತ್ರ ಪದೇ ಪದೇ ಬದಲಿಸುತ್ತಲೇ ಇರಬೇಕಾಗುತ್ತದೆ. ಆ ಎರಡನೇ ಸಲ ಕಲಿತದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು, ನಿಮ್ಮ ಮಿಷನ್ನಿನಲ್ಲಿ ಬೆಲ್ಟ್ ಇದೆಯಾ?

ಎಲ್ಲ ವ್ಯಾಕ್ಯೂಮ್ ಕ್ಲೀನರಿನಲ್ಲೂ ಬೆಲ್ಟ್ ಇರುವುದಿಲ್ಲ. ನಮ್ಮೂರಿನ ಮನೆಗಳಲ್ಲಿ ನೆಲ ಟೈಲ್ಸಿನದೋ ಗ್ರಾನೈಟಿನದೋ ರೆಡ್ ಆಕ್ಸೈಡಿನದೋ ಆಗಿರುತ್ತದೆ. ಅಲ್ಲಿ ಹೆಚ್ಚಾಗಿ ಕಾಣುವುದು ಚಕ್ರದ ಡಬ್ಬಿಗೆ ಉದ್ದದ ಪೈಪು ಸಿಕ್ಕಿಸಿದ ನಮೂನೆ. ಅದು ಗಾಳಿಯಿಂದ ಕಸ ಎಳೆಯುತ್ತದೆ, ಅಷ್ಟೇ. ಸೋಫಾ ಒರೆಸುವ ಸಾಮಾನ್ಯ ಮೂತಿ ಇರುವ ಇಂಥದ್ದಕ್ಕೆ ಬೆಲ್ಟ್ ಇರುವುದಿಲ್ಲ. ಅದು ಕಸ ಎಳೆಯುತ್ತಿಲ್ಲ ಎಂದರೆ ಚೀಲ ತುಂಬಿರಬೇಕು, ಇಲ್ಲವೇ ಪೈಪು ಕಟ್ಟಿರಬೇಕು.

ಅಮೆರಿಕದಂಥ ಕಾರ್ಪೆಟ್ ದೇಶದಲ್ಲಿ ಓಡುವುದು ನೆಟ್ಟಗೆ ನಿಲ್ಲುವ, ಹಿಡಿ ಹಿಡಿದು ತಳ್ಳುವ ಅಪ್‌ರೈಟ್. ಅದರ ಹೊಟ್ಟೆಯಡಿ ಲಟ್ಟಣಿಗೆಯಂಥ ಒಂದು ಉರುಳು ಇರುತ್ತದೆ. ಮೈತುಂಬ ಸಾಲು ಸಾಲಾಗಿ ಗಟ್ಟಿ ಕೂದಲು. ಇದನ್ನು ಬ್ರಷ್ ರೋಲ್ ಅನ್ನುತ್ತಾರೆ. ಕಾರ್ಪೆಟ್ಟಿನ ನಾರುಗಳ ಬುಡದಲ್ಲಿ ಕೂತ ಕಸವನ್ನು ಗಾಳಿ ಒಂದೇ ಎತ್ತಲಾರದು. ಬ್ರಷ್ ಅದನ್ನು ಬಡಿದು ಎಬ್ಬಿಸಬೇಕು, ಗಾಳಿ ಎಳೆದುಕೊಳ್ಳಬೇಕು. 1908ರಲ್ಲಿ ಓಹಿಯೋದ ಕ್ಯಾಂಟನ್ ಊರಿನಲ್ಲಿ ಕಟ್ಟಡ ಗುಡಿಸುವ ಕೆಲಸದಲ್ಲಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಪೇಟೆಂಟ್ ಪಡೆದ ಯಂತ್ರದಲ್ಲೂ ಫ್ಯಾನು ಮತ್ತು ತಿರುಗುವ ಬ್ರಷ್ ಜೋಡಿಯಾಗಿದ್ದವು. ಧೂಳು ಹಿಡಿಯಲು ಆತ ಕಟ್ಟಿಕೊಂಡದ್ದು ದಿಂಬಿನ ಕವರು. ಆತನಿಗೆ ಆಸ್ತಮಾ ಇತ್ತಂತೆ. ಗುಡಿಸಿದಾಗ ಏಳುವ ಧೂಳೇ ತಡೆಯಲಾಗದೆ ಇದಕ್ಕೆ ಕೈ ಹಾಕಿದ.

ಮೋಟರಿನ ತಿರುಗುವ ಕಡ್ಡಿಯಿಂದ ಆ ಬ್ರಷ್ಷಿಗೆ ಶಕ್ತಿ ಮುಟ್ಟಿಸುವುದೇ ಬೆಲ್ಟಿನ ಕೆಲಸ. ಮನೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಮಿಷನ್ ನೋಡಿದವರಿಗೆ ಇದು ಹೊಸದೇನಲ್ಲ. ಕೆಳಗಿನ ದೊಡ್ಡ ಚಕ್ರದಿಂದ ಮೇಲಿನ ಸಣ್ಣ ಚಕ್ರಕ್ಕೆ ಚರ್ಮದ ಬೆಲ್ಟ್ ಇರುತ್ತದಲ್ವಾ, ಅದೇ ಲೆಕ್ಕ. ಒಂದೇ ವ್ಯತ್ಯಾಸ. ಚರ್ಮದ ಬೆಲ್ಟ್ ಸಡಿಲವಾದರೆ ಅಪ್ಪ ಅದನ್ನು ಅರ್ಧ ಇಂಚು ಕತ್ತರಿಸಿ ಮತ್ತೆ ಪಿನ್ನು ಹಾಕುತ್ತಿದ್ದರು. ರಬ್ಬರ್ ಬೆಲ್ಟಿಗೆ ಆ ಉಪಾಯ ನಡೆಯುವುದಿಲ್ಲ. ಅಂಟು ಹಾಕಿ ಕೂಡಿಸುತ್ತೇನೆ ಎಂದು ಹೊರಡಬೇಡಿ.

ಬೆಲ್ಟೇ ಹೋಗಿದೆ ಎಂದು ತಿಳಿಯುವುದು ಹೇಗೆ

ಬೆಲ್ಟ್ ತುಂಡಾದರೂ ಮೋಟರ್ ಓಡುತ್ತಲೇ ಇರುತ್ತದೆ. ಗಾಳಿಯೂ ಎಳೆಯುತ್ತದೆ, ಸದ್ದೂ ಇರುತ್ತದೆ. ಹಾಗಾಗಿ ಎಷ್ಟೋ ಜನ ವಾರಗಟ್ಟಲೆ ಸುಮ್ನೆ ತಳ್ಳುತ್ತಿರುತ್ತಾರೆ. ಇವನ್ನು ಗಮನಿಸಿ:

- ಮಿಷನ್ ಓಡಿದ ದಾರಿಯಲ್ಲಿ ಕಾರ್ಪೆಟ್ ಮೇಲೆ ಪಟ್ಟೆ ಮೂಡುವುದು ನಿಂತಿರುತ್ತದೆ. ದಾರದ ಚೂರು, ಕೂದಲು ಅಲ್ಲೇ ಉಳಿಯುತ್ತವೆ.
- ತಳ್ಳುವುದು ಭಾರ ಅನ್ನಿಸುತ್ತದೆ. ಬ್ರಷ್ ತಿರುಗುವಾಗ ಮಿಷನ್ನನ್ನು ತಾನೇ ಮುಂದಕ್ಕೆ ಎಳೆಯುತ್ತದೆ, ಆ ಎಳೆತ ಈಗ ಇಲ್ಲ.
- ಸದ್ದು ಬದಲಾಗುತ್ತದೆ. ಬಡಿತದ ಗಡಗಡ ಹೋಗಿ ಬರೀ ಗುಂಯ್ ಉಳಿಯುತ್ತದೆ.
- ರಬ್ಬರ್ ಸುಟ್ಟ ವಾಸನೆ. ಇದು ಬಂತೆಂದರೆ ಹೆಚ್ಚು ಯೋಚಿಸಬೇಕಾಗಿಲ್ಲ.

ಬೆಲ್ಟ್ ತುಂಡಾಗದೆ ಬರೀ ಜೋಲು ಬಿದ್ದಿರಲೂಬಹುದು. ಆಗ ಬ್ರಷ್ ಗಾಳಿಯಲ್ಲಿ ಚೆನ್ನಾಗಿ ತಿರುಗುತ್ತದೆ, ಕಾರ್ಪೆಟ್ಟಿಗೆ ತಾಗಿದ ಕೂಡಲೇ ನಿಲ್ಲುತ್ತದೆ.

ಬಿಚ್ಚುವ ಮೊದಲು ಒಂದು ಮಾತು. ಹಲವು ಮಾದರಿಗಳಲ್ಲಿ ಹಿಡಿಯನ್ನು ನೆಟ್ಟಗೆ ನಿಲ್ಲಿಸಿದಾಗ ಬ್ರಷ್ ತಾನಾಗಿ ನಿಲ್ಲುತ್ತದೆ. ಅದು ಕೆಟ್ಟದ್ದಲ್ಲ, ಇರುವುದೇ ಹಾಗೆ. ಕೆಲವದಕ್ಕೆ ಬ್ರಷ್ ಆನ್ ಆಫ್ ಮಾಡುವ ಬೇರೆ ಗುಂಡಿಯೇ ಇದೆ. ಗಟ್ಟಿ ನೆಲಕ್ಕೆಂದು ಯಾರೋ ಅದನ್ನು ಆಫ್ ಮಾಡಿ ಮರೆತಿರಬಹುದು. ನನ್ನ ಗೆಳೆಯನೊಬ್ಬ ಬೆಲ್ಟ್ ತರಿಸಿ, ಮಿಷನ್ ಪೂರ್ತಿ ಬಿಚ್ಚಿ, ಆಮೇಲೆ ಆ ಗುಂಡಿ ಕಂಡ.

ಸರಿಯಾದ ಬೆಲ್ಟ್ ತರುವುದು

ಮಿಷನ್ನಿನ ಹಿಂಬದಿ ಅಥವಾ ತಳದಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿರುವ ಮಾಡೆಲ್ ನಂಬರಿನ ಫೋಟೊ ತೆಗೆದುಕೊಳ್ಳಿ. ಕಂಪನಿಯ ಹೆಸರು ಮಾತ್ರ ಗೊತ್ತಿದ್ದರೆ ಸಾಲದು. ಒಂದೇ ಕಂಪನಿಯಲ್ಲಿ ಹತ್ತಾರು ಬಗೆಯ ಬೆಲ್ಟ್ ಇರುತ್ತವೆ. ಹಳೆಯ ಬೆಲ್ಟ್ ಮೇಲೂ ನಂಬರ್ ಅಚ್ಚಾಗಿರುತ್ತದೆ, ಅಳಿಸಿಹೋಗಿರದಿದ್ದರೆ ಅದನ್ನೂ ನೋಡಿ. ಕೆಲವೊಮ್ಮೆ ಒಂದೇ ಬೆಲ್ಟ್ ಹಲವು ಮಾದರಿಗೆ ಆಗುತ್ತದೆ. ಬಿಸೆಲ್‌ನ ಅಪ್‌ರೈಟ್‌ಗಳಿಗೆ ಬರುವ ಒಂದು ಬೆಲ್ಟಿನ ಕವರಿನ ಮೇಲೆ ಸ್ಟೈಲ್ 7, 9, 10, 12, 14, 16 ಎಂದು ಸಾಲಾಗಿ ಬರೆದಿರುತ್ತದೆ. ನಿಮ್ಮ ಬೆಲ್ಟಿನ ಸ್ಟೈಲ್ ನಂಬರ್ ಆ ಸಾಲಿನಲ್ಲಿದ್ದರೆ ಸಾಕು.

ಹಳೆಯ ಬೆಲ್ಟಿನ ಉದ್ದ ಅಳೆದು ಹೊಸದನ್ನು ಕೊಳ್ಳಲು ಹೋಗಬೇಡಿ. ಹಳೆಯದು ಹಿಗ್ಗಿರುತ್ತದೆ. ಹೊಸದನ್ನು ಪಕ್ಕಕ್ಕಿಟ್ಟು ನೋಡಿದರೆ ಚಿಕ್ಕದಾಗಿ ಕಾಣುತ್ತದೆ, ತಪ್ಪು ಕಳಿಸಿದ್ದಾರೆ ಎಂದು ಗಾಬರಿಯಾಗಬೇಡಿ. ಅಗಲ ಒಂದೇ ಇದ್ದರೆ ಸರಿ.

ಬೆಲ್ಟಿನಲ್ಲಿ ಮುಖ್ಯವಾಗಿ ಮೂರು ಜಾತಿ. ಚಪ್ಪಟೆಯದು, ದುಂಡನೆಯದು, ಒಳಮೈಗೆ ಹಲ್ಲಿರುವುದು. ಮೊದಲೆರಡು ಬಿಗಿಯಿಂದ ಹಿಡಿಯುತ್ತವೆ, ಓಡುತ್ತ ಓಡುತ್ತ ಹಿಗ್ಗುತ್ತವೆ. ಹಲ್ಲಿನದು ಹಿಗ್ಗುವುದು ಕಡಿಮೆ, ಬಾಳಿಕೆ ಜಾಸ್ತಿ, ಆದರೆ ಬ್ರಷ್ ಒಮ್ಮೆಲೇ ಸಿಕ್ಕಿಕೊಂಡರೆ ಹಲ್ಲು ಕಿತ್ತುಹೋಗುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ. ಸಾಮಾನ್ಯವಾಗಿ ಎರಡೆರಡರ ಪೊಟ್ಟಣ ಸಿಗುತ್ತದೆ, ಅದನ್ನೇ ತನ್ನಿ.

ಕೆಲಸ ಶುರು

ಪ್ಲಗ್ ಕಿತ್ತು, ತುದಿಯನ್ನು ಕಣ್ಣಿಗೆ ಕಾಣುವ ಹಾಗೆ ಮಿಷನ್ ಪಕ್ಕದಲ್ಲೇ ಇಟ್ಟುಕೊಳ್ಳಿ. ಊರಿನಲ್ಲಿ ನಮಗೆ ಗೋಡೆಯ ಸ್ವಿಚ್ ಆಫ್ ಮಾಡಿ ಕೈಹಾಕುವ ಅಭ್ಯಾಸ. ಅಮೆರಿಕದ ಪ್ಲಗ್ ಪಾಯಿಂಟಿಗೆ ಸಾಮಾನ್ಯವಾಗಿ ಸ್ವಿಚ್ಚೇ ಇರುವುದಿಲ್ಲ. ಮಿಷನ್ನಿನ ಗುಂಡಿಯೊಂದನ್ನೇ ನಂಬಿ ಬ್ರಷ್ಷಿಗೆ ಬೆರಳು ಹಾಕಬಾರದು. ತಿರುಗಿಸುವಾಗ ಮೊಣಕಾಲು ತಾಗಿದರೂ ಆ ಗುಂಡಿ ಒತ್ತಿಹೋಗುತ್ತದೆ. ಬ್ಯಾಟರಿಯದಾದರೆ ಬ್ಯಾಟರಿ ತೆಗೆದಿಡಿ. ಈಗಷ್ಟೇ ಓಡಿಸಿದ್ದರೆ ಅರ್ಧ ಗಂಟೆ ಬಿಡಿ, ಮೋಟರಿನ ಕಡ್ಡಿ ಬಿಸಿಯಿರುತ್ತದೆ.

ಕಸದ ಡಬ್ಬಿ ತೆಗೆದು ಖಾಲಿ ಮಾಡಿ. ಇದನ್ನು ಮರೆತು ಮಿಷನ್ ಮಲಗಿಸಿದರೆ ಒಂದು ವಾರದ ಧೂಳು ವಾಪಸ್ ಕಾರ್ಪೆಟ್ ಮೇಲೆ. ಆಮೇಲೆ ಹಳೇ ಬೆಡ್‌ಶೀಟ್ ಅಥವಾ ಅಂಚೆಯಲ್ಲಿ ಬರುವ ಅಂಗಡಿಗಳ ಜಾಹೀರಾತಿನ ಹಾಳೆ ಹಾಸಿ, ಮಿಷನ್ನನ್ನು ಅಂಗಾತ ಮಲಗಿಸಿ. ತಳ ಮೇಲೆ ಬರಬೇಕು.

ತಳದಲ್ಲಿ ಬ್ರಷ್ಷನ್ನು ಮುಚ್ಚಿರುವ ಒಂದು ತಟ್ಟೆ ಕಾಣುತ್ತದೆ. ಅದನ್ನು ಹಿಡಿದಿರುವುದು ಹೆಚ್ಚಾಗಿ ಮಾಮೂಲಿ ಪ್ಲಸ್ ಗುರುತಿನ ಸ್ಕ್ರೂಗಳು. ಕೆಲವು ಕಂಪನಿಗಳು ಆರು ಮೂಲೆಯ ಟಾರ್ಕ್ಸ್ ಸ್ಕ್ರೂ ಹಾಕಿರುತ್ತವೆ, ಅದಕ್ಕೆ ಅದರದೇ ಸ್ಕ್ರೂಡ್ರೈವರ್ ಬೇಕು. ಪ್ಲಸ್ಸಿನದನ್ನು ಬಲವಂತವಾಗಿ ತುರುಕಿದರೆ ತಲೆ ಸವೆದು ಮತ್ತೆ ಬಿಚ್ಚಲು ಬಾರದಂತಾಗುತ್ತದೆ. ಇನ್ನು ಕೆಲವದರಲ್ಲಿ ನಾಣ್ಯ ಹಾಕಿ ಕಾಲು ಸುತ್ತು ತಿರುಗಿಸುವ ಬೀಗ ಇರುತ್ತದೆ.

ಸ್ಕ್ರೂಗಳ ಉದ್ದ ಒಂದೇ ಸಮ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ನಾನು ಮಾಡುವುದು ಇಷ್ಟು: ರಟ್ಟಿನ ಚೂರಿನ ಮೇಲೆ ತಟ್ಟೆಯ ಚಿತ್ರ ಗೀಚಿ, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿ ನಿಲ್ಲಿಸುತ್ತೇನೆ. ಎಲ್ಲ ಬಿಚ್ಚಿದ ಮೇಲೂ ತಟ್ಟೆ ಬರದಿದ್ದರೆ ಜಗ್ಗಬೇಡಿ. ಎಲ್ಲೋ ಇನ್ನೊಂದು ಸ್ಕ್ರೂ ಅಡಗಿರುತ್ತದೆ, ಚಕ್ರದ ಹಿಂದೆಯೋ ಧೂಳು ಮೆತ್ತಿದ ಗುಳಿಯಲ್ಲೋ. ನಮ್ಮದರಲ್ಲಿ ಅದು ಕೂದಲುಂಡೆಯ ಕೆಳಗಿತ್ತು.

ತಟ್ಟೆ ಎತ್ತಿದ ಕೂಡಲೇ ಏನನ್ನೂ ಮುಟ್ಟದೆ ಫೋಟೊ ತೆಗೆಯಿರಿ. ಬೆಲ್ಟ್ ಯಾವ ಕಡೆಯಿಂದ ಹೋಗಿದೆ, ಬ್ರಷ್ಷಿನ ಎರಡು ತುದಿಯ ಮುಚ್ಚಳಗಳು ಹೇಗೆ ಕೂತಿವೆ, ಎಲ್ಲ ಕಾಣಬೇಕು.

ಈಗ ಬ್ರಷ್ಷನ್ನು ಎರಡೂ ತುದಿಯಲ್ಲಿ ಹಿಡಿದು ಮೇಲೆತ್ತಿ. ಬೆಲ್ಟ್ ಇನ್ನೂ ಇದ್ದರೆ ಅದರ ಜೊತೆ ಬರುತ್ತದೆ, ಮೋಟರ್ ಕಡ್ಡಿಯಿಂದ ಬಿಡಿಸಿಕೊಳ್ಳಿ. ತುಂಡಾಗಿದ್ದರೆ ಚೂರುಗಳನ್ನೆಲ್ಲ ಹುಡುಕಿ ತೆಗೆಯಿರಿ. ಗಾಳಿ ಹೋಗುವ ದಾರಿಯಲ್ಲಿ ಒಂದು ಚೂರು ಉಳಿದರೂ ಅದಕ್ಕೆ ಕಸ ಸಿಕ್ಕಿಕೊಂಡು ಪೈಪು ಕಟ್ಟುತ್ತದೆ. ಮೋಟರ್ ಕಡ್ಡಿಯ ಮೇಲೆ ರಬ್ಬರ್ ಕರಗಿ ಮೆತ್ತಿದ್ದರೆ ಐಸ್‌ಕ್ರೀಮ್ ಕಡ್ಡಿಯಿಂದ ಕೆರೆಯಿರಿ. ಆ ಮೆತ್ತಿದ ಉಬ್ಬು ಹಾಗೇ ಇದ್ದರೆ ಹೊಸ ಬೆಲ್ಟ್ ಅದರ ಮೇಲೆ ಕುಣಿಯುತ್ತದೆ.

ನಾನು ಮೊದಲ ಸಲ ಮಾಡದೆ ಬಿಟ್ಟ ಕೆಲಸ

ಒಂಬತ್ತೇ ದಿನಕ್ಕೆ ಬೆಲ್ಟ್ ಹೋದಾಗ, ಬ್ರಷ್ಷನ್ನು ಕೈಯಲ್ಲಿ ಹಿಡಿದು ಬೆರಳಿನಿಂದ ತಿರುಗಿಸಿ ನೋಡಿದೆ. ಅರ್ಧ ಸುತ್ತೂ ಹೋಗಲಿಲ್ಲ. ಮಧ್ಯದಲ್ಲಿ ಸುತ್ತಿದ್ದ ಕೂದಲನ್ನು ನಾನು ಮೊದಲೇ ತೆಗೆದಿದ್ದೆ, ಕಾಣಲು ಸ್ವಚ್ಛವಾಗಿಯೇ ಇತ್ತು. ಬಲತುದಿಯ ಮುಚ್ಚಳ ತಿರುಚಿ ಎಳೆದೆ. ಒಳಗೆ ಬೇರಿಂಗ್ ಸುತ್ತ ಗಟ್ಟಿ ಉಂಗುರದಂತೆ ಏನೋ ಕೂತಿತ್ತು. ಕಂಬಳಿಯ ಹಾಗೆ ಒತ್ತಿಕೊಂಡಿತ್ತು. ಹೊಲಿಗೆ ಸೂಜಿಯಿಂದ ಎಬ್ಬಿಸಿ ಬಿಡಿಸಿದರೆ ಅಮ್ಮನ ಉದ್ದ ಕೂದಲು, ಸೀರೆ ಕುಚ್ಚಿನ ಮಾವಿನ ಹಸಿರು ದಾರ, ಹಬ್ಬದ ದಿನದ ಗೆಜ್ಜೆವಸ್ತ್ರದ ಹತ್ತಿ! "ಇದು ನನ್ನ ಕೂದಲಲ್ಲ ಕಣೋ, ನಿನ್ನ ಹೆಂಡತೀದು" ಎಂದು ಅಮ್ಮ. ಹೆಂಡತಿಯ ತಲೆಗೂದಲು ಭುಜಕ್ಕೂ ಬರುವುದಿಲ್ಲ.

ಹೀಗಾದಾಗ ಆಗುವುದು ಏನೆಂದರೆ, ಬ್ರಷ್ ತಿರುಗಲು ಒಲ್ಲದು, ಮೋಟರ್ ನಿಲ್ಲಲು ಒಲ್ಲದು. ನಿಂತ ಬೆಲ್ಟಿನ ಒಂದೇ ಜಾಗದಲ್ಲಿ ಕಡ್ಡಿ ನಿಮಿಷಕ್ಕೆ ಸಾವಿರಾರು ಸುತ್ತು ಉಜ್ಜುತ್ತದೆ. ರಬ್ಬರ್ ಕಾದು ಕರಗುತ್ತದೆ. ಆ ಸುಟ್ಟ ವಾಸನೆ ಅದೇ. ಪೂರ್ತಿ ಸಿಕ್ಕಿಕೊಂಡರೆ ಬೆಲ್ಟ್ ಹೋಗಲು ಕೆಲವೇ ಸೆಕೆಂಡು ಸಾಕು. ಅರ್ಧ ಸಿಕ್ಕಿಕೊಂಡರೆ ನಮ್ಮದರಂತೆ ಒಂಬತ್ತು ದಿನ.

ಹಾಗಾಗಿ ಹೊಸ ಬೆಲ್ಟಿನ ಪೊಟ್ಟಣ ಒಡೆಯುವ ಮೊದಲು ಇಷ್ಟು ಮಾಡಿ. ಬ್ರಷ್ಷಿನ ಉದ್ದಕ್ಕೂ ಸಾಮಾನ್ಯವಾಗಿ ಸಣ್ಣ ಕಾಲುವೆಯಂಥ ಒಂದು ಗೀರು ಇರುತ್ತದೆ. ಅದರಲ್ಲಿ ಕತ್ತರಿಯ ತುದಿ ತೂರಿಸಿ ಕೂದಲು ಕತ್ತರಿಸುತ್ತ ಹೋಗಿ, ಆಮೇಲೆ ಎಳೆದು ತೆಗೆಯಿರಿ. ಬ್ರಷ್ಷಿನ ಸ್ವಂತ ಕೂದಲಿಗೆ ಕತ್ತರಿ ತಾಗದಿರಲಿ. ತುದಿಯ ಮುಚ್ಚಳ ಬಿಚ್ಚಲು ಬರುವ ಹಾಗಿದ್ದರೆ ಬಿಚ್ಚಿ, ಬೇರಿಂಗ್ ಸುತ್ತ ಇರುವುದನ್ನೆಲ್ಲ ಸೂಜಿ ಅಥವಾ ಚಿಮುಟದಿಂದ ತೆಗೆಯಿರಿ. ಆಮೇಲೆ ಎರಡೂ ತುದಿ ಹಿಡಿದು ಬ್ರಷ್ಷನ್ನು ಒಮ್ಮೆ ತಿರುಗಿಸಿ ಬಿಡಿ. ಸದ್ದಿಲ್ಲದೆ ಒಂದೆರಡು ಸುತ್ತು ತಾನಾಗಿ ಹೋಗಬೇಕು. ಗರಗರ ಅಂದರೆ, ಅಥವಾ ಅಲುಗಾಡಿದರೆ, ಬೇರಿಂಗ್ ಹೋಗಿದೆ ಎಂದರ್ಥ. ಆಗ ಬ್ರಷ್ ರೋಲನ್ನೇ ಬದಲಿಸಬೇಕು.

ಇಲ್ಲಿ ಕೊಬ್ಬರಿ ಎಣ್ಣೆ, ಹೊಲಿಗೆ ಮಿಷನ್ ಎಣ್ಣೆ ಬಿಡುವ ಆಸೆಯಾಗುತ್ತದೆ. ಬೇಡ. ಎಣ್ಣೆಗೆ ಧೂಳು ಅಂಟಿ ಮೇಣದಂತಾಗುತ್ತದೆ, ಬೆಲ್ಟಿಗೆ ತಾಗಿದರೆ ಅದು ಜಾರಲು ಶುರುವಾಗುತ್ತದೆ.

ಹೊಸದನ್ನು ಹಾಕುವುದು

ಮೊದಲು ಮೋಟರ್ ಕಡ್ಡಿಗೆ. ಬೆಲ್ಟನ್ನು ಅದರ ಮೇಲೆ ಕೂರಿಸಿ, ಇನ್ನೊಂದು ಕೊನೆಯನ್ನು ಬ್ರಷ್ ಕೂರುವ ಜಾಗದ ಕಡೆಗೆ ಎಳೆದು ಹಿಡಿಯಿರಿ. ಆ ಕುಣಿಕೆಯೊಳಗೆ ಬ್ರಷ್ಷನ್ನು ತೂರಿಸಿ. ಬ್ರಷ್ಷಿನ ಮೈಯಲ್ಲಿ ಒಂದು ಕಡೆ ಕೂದಲಿಲ್ಲದ ನುಣುಪು ಪಟ್ಟಿ ಇರುತ್ತದೆ. ಬೆಲ್ಟ್ ಕೂರಬೇಕಾದದ್ದು ಅಲ್ಲೇ. ಆ ಪಟ್ಟಿ ಮೋಟರ್ ಕಡ್ಡಿಯ ನೇರಕ್ಕೆ ಬರಬೇಕು, ಇಲ್ಲದಿದ್ದರೆ ಬ್ರಷ್ಷನ್ನು ಎಡಬಲ ತಿರುವುಮುರುವಾಗಿ ಹಿಡಿದಿದ್ದೀರಿ.

ಈಗ ಬ್ರಷ್ಷಿನ ಒಂದು ತುದಿಯನ್ನು ಅದರ ಗೂಡಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎರಡೂ ಕೈಯಿಂದ ಎಳೆದು ಕೂರಿಸಿ. ಬೆಲ್ಟ್ ಎದುರೆಳೆಯುತ್ತದೆ. ಸ್ವಲ್ಪ ಕಷ್ಟವಾಗಲೇಬೇಕು, ಸಲೀಸಾಗಿ ಕೂತರೆ ತಪ್ಪು ಬೆಲ್ಟ್ ತಂದಿದ್ದೀರೆಂದು ಅನುಮಾನ ಪಡಿ. ಹಲ್ಲಿನ ಬೆಲ್ಟಾದರೆ ಹೀಗೆ ಹಿಗ್ಗಿಸಿ ಕೂರಿಸುವುದು ಆಗದು. ಅದರಲ್ಲಿ ಎರಡೂ ಕಡೆಯ ಹಲ್ಲು ಕಚ್ಚಿಕೊಂಡಿವೆಯಾ ನೋಡಿ, ಬಿಗಿ ಮಾಡುವ ಸ್ಪ್ರಿಂಗ್ ಇದ್ದರೆ ಅದು ತನ್ನ ಜಾಗಕ್ಕೆ ಬಂದಿದೆಯಾ ನೋಡಿ. ಕರ್ಬಿ ಕಂಪನಿಯ ಮಿಷನ್ ಇಟ್ಟುಕೊಂಡವರಿಗೆ ಈ ಎಳೆದಾಟವೇ ಇಲ್ಲ. ಅದರ ಮುಂದೆ ಬೆಲ್ಟ್ ಎತ್ತುವ ಗುಬುಟು ಇದೆ, ಬಾಣದ ಗುರುತು ನೋಡಿ ತಿರುಗಿಸಿದರೆ ಸಾಕು.

ತಟ್ಟೆ ಮುಚ್ಚುವ ಮೊದಲು ಬ್ರಷ್ಷನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ಬೆಲ್ಟ್ ತಾನಾಗಿ ಮಧ್ಯಕ್ಕೆ ಬಂದು ನಿಲ್ಲಬೇಕು, ಅಂಚಿಗೆ ಉಜ್ಜಬಾರದು. ಎಂಟರ ಆಕಾರದಲ್ಲಿ ತಿರುಚಿಕೊಂಡಿದೆಯಾ ನೋಡಿ. ತಿರುಚಿದ್ದರೆ ಬ್ರಷ್ ಉಲ್ಟಾ ತಿರುಗುತ್ತದೆ, ಕಸ ಒಳಗೆಳೆಯುವ ಬದಲು ಮುಂದಕ್ಕೆ ಎಸೆಯುತ್ತದೆ. ಬಿಚ್ಚುವಾಗ ತೆಗೆದ ಫೋಟೊ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೆಲವೇ ಮಾದರಿಗಳಲ್ಲಿ ಬೆಲ್ಟ್ ಕಾಲು ಸುತ್ತು ತಿರುಗಿಯೇ ಹೋಗಬೇಕು, ಅದೂ ಫೋಟೊದಲ್ಲೇ ಗೊತ್ತಾಗುತ್ತದೆ.

ತಟ್ಟೆ ಇಟ್ಟು ಸ್ಕ್ರೂ ಹಾಕುವಾಗ ಒಂದು ಸಣ್ಣ ಕೈಚಳಕ. ಸ್ಕ್ರೂವನ್ನು ಮೊದಲು ಉಲ್ಟಾ ತಿರುಗಿಸಿ. ಟಕ್ ಎಂದು ಒಂದು ಮೆಟ್ಟಿಲು ಇಳಿದಂತಾಗುತ್ತದೆ. ಹಳೆಯ ಮರೆ, ಅಂದರೆ ಸ್ಕ್ರೂ ಕೂರುವ ಸುರುಳಿ ಗೀರು, ಸಿಕ್ಕಿತು ಎಂದರ್ಥ. ಅಲ್ಲಿಂದ ಸರಿಯಾಗಿ ಬಿಗಿಯಿರಿ. ಹೀಗೆ ಮಾಡಿದರೆ ಪ್ಲಾಸ್ಟಿಕ್ಕಿನ ಮರೆ ಹಾಳಾಗುವುದಿಲ್ಲ. ಪೂರ್ತಿ ಬಲ ಹಾಕಬೇಡಿ, ಎರಡು ಬೆರಳಿನ ಬಿಗಿ ಸಾಕು.

ಮಿಷನ್ ಎತ್ತಿ ನಿಲ್ಲಿಸಿ, ಡಬ್ಬಿ ಹಾಕಿ, ಆಮೇಲೆ ಪ್ಲಗ್. ಮೊದಲ ಒಂದೆರಡು ನಿಮಿಷ ಹೊಸ ರಬ್ಬರಿನ ಸಣ್ಣ ವಾಸನೆ ಬಂದರೆ ಪರವಾಗಿಲ್ಲ. ಹೊಗೆ ಬಂದರೆ, ಸುಟ್ಟ ವಾಸನೆ ಜಾಸ್ತಿಯಾಗುತ್ತ ಹೋದರೆ, ತಕ್ಷಣ ಪ್ಲಗ್ ಕಿತ್ತು ಮತ್ತೆ ಬಿಚ್ಚಿ ನೋಡಿ. ಬ್ರಷ್ ಸಲೀಸಾಗಿದ್ದೂ ವೈರ್ ಸುಟ್ಟ ವಾಸನೆ ಬರುತ್ತಿದೆ ಎಂದರೆ ಅದು ಮೋಟರಿನ ತೊಂದರೆ, ಅಲ್ಲಿ ಕೈಹಾಕದೆ ಅಂಗಡಿಗೆ ಒಯ್ಯಿರಿ. ವಾರಂಟಿ ಇನ್ನೂ ಇದ್ದರೆ ಬಿಚ್ಚುವ ಮೊದಲು ಅದರ ಕಾಗದ ಓದಿ.

ಮತ್ತೆ ಬೇಗ ತುಂಡಾಗದಿರಲು

ರಗ್ಗಿನ ಅಂಚಿನ ಜೂಲು, ಫೋನ್ ಚಾರ್ಜರ್ ವೈರು, ಮಂಚದ ಕೆಳಗಿನ ಕಾಲುಚೀಲ, ಜೋತುಬಿದ್ದ ದುಪಟ್ಟಾ. ಬೆಲ್ಟಿನ ಆಯಸ್ಸು ತೆಗೆಯುವುದು ಇವೇ. ಏನಾದರೂ ಸಿಕ್ಕಿ ಬ್ರಷ್ ನಿಂತರೆ ಎಳೆದಾಡುತ್ತ ಓಡಿಸಬೇಡಿ, ಮೊದಲು ಆಫ್ ಮಾಡಿ. ಎತ್ತರ ಹೊಂದಿಸುವ ತಿರುಗಣೆ ಇದ್ದರೆ ದಪ್ಪ ಕಾರ್ಪೆಟ್ಟಿಗೆ ಮೇಲಿಡಿ. ತೀರಾ ಕೆಳಗಿಟ್ಟರೆ ಬ್ರಷ್ ಕಾರ್ಪೆಟ್ಟಿನೊಳಗೆ ಹೂತು ಬೆಲ್ಟಿನ ಮೇಲೆ ಭಾರ ಬೀಳುತ್ತದೆ. ಪೈಪಿನಿಂದ ಸೋಫಾ ಗುಡಿಸುವಾಗ ಮಿಷನ್ ಒಂದೇ ಜಾಗದಲ್ಲಿ ನಿಂತಿರುತ್ತದಲ್ವಾ, ಆಗ ಬ್ರಷ್ ನಿಂತಿದೆಯಾ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಬೆಲ್ಟೂ ಸವೆಯುತ್ತದೆ, ಕಾರ್ಪೆಟ್ಟೂ ಬೋಳಾಗುತ್ತದೆ.

ಉದ್ದ ಕೂದಲಿನವರಿರುವ ಮನೆಯಲ್ಲಿ ತಿಂಗಳಿಗೊಮ್ಮೆ ಬ್ರಷ್ಷಿನ ಕೂದಲು ಕತ್ತರಿಸಿ. ಚಪ್ಪಟೆ ಬೆಲ್ಟನ್ನು ಆರು ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಹೊಳಪು ಬಂದಿದ್ದರೆ, ಅಂಚಿನಲ್ಲಿ ಬಿರುಕಿದ್ದರೆ, ಬೆರಳಿಗೆ ಗಟ್ಟಿ ಅನ್ನಿಸಿದರೆ, ತುಂಡಾಗುವವರೆಗೆ ಕಾಯದೆ ಬದಲಿಸಿ. ಪೊಟ್ಟಣದ ಎರಡನೇ ಬೆಲ್ಟನ್ನು ಜಿಪ್ ಕವರಿನಲ್ಲಿ ಹಾಕಿ, ಮೇಲೆ ತಾರೀಖು ಬರೆದು, ಸ್ಕ್ರೂಡ್ರೈವರ್ ಇರುವ ಡ್ರಾಯರಿನಲ್ಲೇ ಇಡಿ.

ತುಂಡಾದ ಬೆಲ್ಟುಗಳನ್ನು ನಾನು ಕಸದ ಬುಟ್ಟಿಗೆ ಹಾಕಿದ್ದೆ. ಆಮೇಲೊಮ್ಮೆ ಬದಲಿಸಿದಾಗ ತೆಗೆದ, ತುಂಡಾಗದೆ ಬರೀ ಹಿಗ್ಗಿದ್ದ ಇನ್ನೊಂದನ್ನು ಮಾತ್ರ ಅಮ್ಮ ಎತ್ತಿಕೊಂಡು ಸೋಪು ಹಾಕಿ ತೊಳೆದಳು. ಈಗ ಅದು ಹೇರಳೆಕಾಯಿ ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಹಿಡಿದುಕೊಂಡು ಕೂತಿದೆ.